1470ಕ್ಕಿಂತ 1498 ಹಗುರವಾಗುವ ಲೆಕ್ಕ

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. ಕಾರುಗಳ ಹುಚ್ಚು ಅವನಿಗೆ ಚಿಕ್ಕಂದಿನಿಂದಲೂ ಇದೆ. "ಮಾಮ, ಫೆರಾರಿ 296 ಜಿಟಿಬಿ 1470 ಕಿಲೋ, ಮೆಕ್‌ಲಾರೆನ್ ಆರ್ಟುರಾ 1498 ಕಿಲೋ. ಅಶ್ವಶಕ್ತಿಯೂ ಫೆರಾರಿಯದೇ ಜಾಸ್ತಿ, 830ರ ಎದುರು ಮೊದಲ ಆರ್ಟುರಾದ 680. ತೂಕ ಕಡಿಮೆ, ಶಕ್ತಿ ಹೆಚ್ಚು. ಇನ್ನು ಆರ್ಟುರಾ ಹಗುರವಾದ ಕಾರು ಎಂದು ಹೊಗಳುವುದು ಯಾವ ನ್ಯಾಯ?" ಎಂದು ಕೇಳಿದ. ಅವನು ಹೇಳಿದ ನಾಲ್ಕೂ ಅಂಕಿಗಳು ಸರಿ. ತೀರ್ಮಾನ ಮಾತ್ರ ತಪ್ಪು. ಆ ತಪ್ಪು ಅವನದಲ್ಲ ಎಂಬುದೇ ನನ್ನ ತಕರಾರು.

ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ನೆಲೆಸಿ ಹನ್ನೊಂದು ವರ್ಷವಾಯಿತು. ವಾಹನಗಳ ಬಿಡಿಭಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಅಕ್ಕನ ಮಗನಂತೆಯೇ ಓದುತ್ತಿದ್ದೆ: ಪಟ್ಟಿಯಲ್ಲಿ ಯಾವ ಅಂಕಿ ದೊಡ್ಡದೋ ಆ ಕಾರು ದೊಡ್ಡದು. ನಮ್ಮ ಮಾತುಕತೆಯ ರೀತಿಯೇ ಹಾಗೆ. ಸಾಮಾನ್ಯ ಕಾರಾದರೆ "ಲೀಟರಿಗೆ ಎಷ್ಟು ಕೊಡುತ್ತದೆ" ಎಂಬುದು ಮೊದಲ ಪ್ರಶ್ನೆ, ಸೂಪರ್‌ಕಾರಾದರೆ "ಎಷ್ಟು ಅಶ್ವಶಕ್ತಿ". ಎರಡಕ್ಕೂ ಒಂದೇ ಒಂದು ಅಂಕಿ ಉತ್ತರವಾಗಿ ಬರಬೇಕು. ಇಲ್ಲಿನ ಸಹೋದ್ಯೋಗಿಗಳ ಎದುರು ಒಂದು ಅಂಕಿ ಹೇಳಿದರೆ ಅವರು ಮರುಪ್ರಶ್ನೆ ಹಾಕುತ್ತಾರೆ: ಯಾವ ಅಳತೆಯಲ್ಲಿ? ಮೊದಮೊದಲು ಇದು ಕಿರಿಕಿರಿ ಎನಿಸುತ್ತಿತ್ತು. ಈಗ ಆ ಮರುಪ್ರಶ್ನೆ ಇಲ್ಲದ ಮಾತುಕತೆ ನನಗೆ ರುಚಿಸುವುದೇ ಇಲ್ಲ.

ತೂಕವನ್ನೇ ನೋಡಿ. ಫೆರಾರಿ ಹೇಳುವ 1470 ಒಣ ತೂಕ. ಎಂಜಿನ್ ಎಣ್ಣೆ, ತಂಪುಗೊಳಿಸುವ ದ್ರವ, ಪೆಟ್ರೋಲ್ ಯಾವುದೂ ಅದರಲ್ಲಿಲ್ಲ; ಜೊತೆಗೆ ತೂಕ ಇಳಿಸಲೆಂದು ಬೇರೆ ಹಣ ಕೊಟ್ಟು ಹಾಕಿಸಿಕೊಳ್ಳುವ ಭಾಗಗಳು ಇರುವಾಗಿನ ಅಂಕಿ ಅದು. ಆರ್ಟುರಾದ 1498 ಜರ್ಮನಿಯ ಡಿಐಎನ್ ಅಳತೆಯದು: ದ್ರವಗಳೆಲ್ಲ ತುಂಬಿರಬೇಕು, ಟ್ಯಾಂಕಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಇಂಧನ ಇರಬೇಕು. ಮೆಕ್‌ಲಾರೆನ್ ತನ್ನ ಕಾರಿನ ಒಣ ತೂಕವನ್ನೂ ಹೇಳಿದೆ, ಅದು 1395 ಕಿಲೋ. ಒಂದೇ ಕಾರು, ಎರಡು ಅಳತೆ, 103 ಕಿಲೋ ಅಂತರ. ಒಣಗಿದ್ದನ್ನು ಒಣಗಿದ್ದರ ಜೊತೆಗಿಟ್ಟು ತೂಗಿದರೆ ಆರ್ಟುರಾ 75 ಕಿಲೋ ಹಗುರ. ಅಕ್ಕನ ಮಗನ ಪಟ್ಟಿಯಲ್ಲಿ ಅದೇ ಕಾರು 28 ಕಿಲೋ ಭಾರವಾಗಿ ಕಾಣುತ್ತಿತ್ತು. ಒಣ ಕಾರನ್ನು ಯಾರೂ ಓಡಿಸುವುದಿಲ್ಲ, ಓಡಿಸಲು ಬರುವುದೂ ಇಲ್ಲ. ಇಷ್ಟು ದೊಡ್ಡ ಹೆಸರಿನ ಕಂಪನಿಗಳು ಆ ತೂಕವನ್ನು ಮುಂದಿಟ್ಟುಕೊಂಡು ಮಾತನಾಡುವುದು ನನಗೆ ಸರಿ ಕಾಣುವುದಿಲ್ಲ. ಲ್ಯಾಂಬೊರ್ಗಿನಿ ತನ್ನ ರೆವುವೆಲ್ಟೊ ಕಾರಿಗೆ ಹೇಳುವ 1772 ಕಿಲೋ ಕೂಡ ಒಣ ತೂಕವೇ.

ಹಾಗೆಂದು ಇಟಲಿಯವರ ಕೆಲಸ ಕಡಿಮೆ ಎಂದಲ್ಲ. ಅವರ ಕೈಚಳಕ ನೋಡಲು ನಾನು ಆಲ್ಪ್ಸ್ ದಾಟಿ ಫೆರಾರಿಯ ಊರಾದ ಮಾರನೆಲ್ಲೊಗೆ ಮೂರು ಸಲ ಹೋಗಿದ್ದೇನೆ. ಮೂರನೆಯ ಸಲ ಅಲ್ಲಿ ಬಾಡಿಗೆಗೆ ಸಿಗುವ ಒಂದು 296ನ್ನು ಮಾರ್ಗದರ್ಶಕರ ಜೊತೆ ಅರ್ಧ ಗಂಟೆ ಓಡಿಸಿದೆ. ಅದು ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು; ಊರೊಳಗೆ ಸದ್ದಿಲ್ಲದೆ ಸಾಗಿತು. ವಿದ್ಯುತ್ತಿನಿಂದಲೇ 25 ಕಿಲೋಮೀಟರ್ ದೂರ, ಗಂಟೆಗೆ 135 ಕಿಲೋಮೀಟರ್ ವೇಗದವರೆಗೆ ಅದು ಹೋಗಬಲ್ಲದು. ಕಿಟಕಿ ತೆರೆದಿದ್ದರೆ ದಾರಿಬದಿಯ ಮಾತು ಕೇಳುತ್ತದೆ. ಸೆರ್ರಮತ್ಸೋನಿ ಕಡೆಗೆ ಗುಡ್ಡ ಏರುವ ರಸ್ತೆಯಲ್ಲಿ ಪೆಡಲ್ ಒತ್ತಿದಾಗ ಬೆನ್ನ ಹಿಂದೆ ಆರು ಸಿಲಿಂಡರಿನ ವಿ6 ಎಂಜಿನ್ ಎದ್ದಿತು. ಅದರ ಎರಡು ಸಾಲು ಸಿಲಿಂಡರ್‌ಗಳ ನಡುವೆ 120 ಡಿಗ್ರಿ ಕೋನವಿದೆ. ಈ ಕೋನದಿಂದ ಸಿಲಿಂಡರ್‌ಗಳು ಸಮಾನ ಅಂತರದಲ್ಲಿ ಉರಿಯುತ್ತವೆ, ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಎರಡೂ ಟರ್ಬೊಗಳು ಸಾಲುಗಳ ನಡುವಿನ ಜಾಗದಲ್ಲಿ ಕೂರುತ್ತವೆ, ಎಂಜಿನ್ನಿನ ಭಾರ ನೆಲಕ್ಕೆ ಹತ್ತಿರವಾಗುತ್ತದೆ. ಕಟ್ಟುವಾಗ ಎಂಜಿನಿಯರುಗಳು ಇದನ್ನು "ಪಿಕ್ಕೊಲೊ ವಿ12", ಅಂದರೆ ಪುಟ್ಟ ವಿ12, ಎಂದು ಕರೆಯುತ್ತಿದ್ದರಂತೆ. ಆ ಏರುದಾರಿಯಲ್ಲಿ ಸದ್ದು ಮೇಲೇರಿದ ಬಗೆಯನ್ನು ಕೇಳಿದ ಮೇಲೆ ಆ ಹೆಸರು ನನಗೆ ಉತ್ಪ್ರೇಕ್ಷೆ ಎನಿಸಲಿಲ್ಲ.

ನನ್ನನ್ನು ಹೆಚ್ಚು ಹಿಡಿದಿಟ್ಟಿದ್ದು ಸದ್ದಿಗಿಂತ ಮುಂಚಿನ ಕ್ಷಣ. ಟರ್ಬೊ ಎಂಜಿನ್ನಿಗೆ ಒಂದು ಹಳೆಯ ಕೊರತೆಯಿದೆ. ಹೊಗೆಯ ಒತ್ತಡ ಟರ್ಬೊದ ಚಕ್ರವನ್ನು ತಿರುಗಿಸಿ, ಅದು ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳಿಸುವ ತನಕ ಚಾಲಕ ಕಾಯಬೇಕು. ಟರ್ಬೊ ದೊಡ್ಡದಾದಷ್ಟೂ ಕಾಯುವಿಕೆ ಹೆಚ್ಚು. 296ರಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ 122 ಕಿಲೋವ್ಯಾಟಿನ ಮೋಟಾರ್ ಇದೆ. ಟರ್ಬೊ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಆ ಮೋಟಾರ್ ಕಾರನ್ನು ತಳ್ಳಿ ಆಗಿರುತ್ತದೆ. ಎಲ್ಲಿ ವಿದ್ಯುತ್ ಮುಗಿಯಿತು, ಎಲ್ಲಿ ಪೆಟ್ರೋಲ್ ಶುರುವಾಯಿತು ಎಂದು ನನ್ನ ಕಾಲಿಗೆ ತಿಳಿಯಲಿಲ್ಲ. ವೃತ್ತಿಯಿಂದ ಬಂದ ಅಭ್ಯಾಸದಂತೆ ಆ ಹೊಲಿಗೆಯನ್ನು ಹುಡುಕಲು ನಾನು ಬೇಕೆಂದೇ ಐದಾರು ಸಲ ಪೆಡಲ್ ಬಿಟ್ಟು ಒತ್ತಿದೆ. ಸಿಗಲಿಲ್ಲ. 2.9 ಸೆಕೆಂಡಿನಲ್ಲಿ ನೂರು ಮುಟ್ಟುವುದು, ಗಂಟೆಗೆ 330 ಕಿಲೋಮೀಟರ್ ದಾಟುವುದು ಪಟ್ಟಿಯಲ್ಲಿದೆ. ನಾನು ಮೆಚ್ಚಿದ ಈ ಗುಣಕ್ಕೆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ.

ಪಟ್ಟಿಯ ಇನ್ನೊಂದು ಗೊಂದಲ ಕೂಡಿಸುವ ಲೆಕ್ಕದ್ದು. 296ರಲ್ಲಿ ಎಂಜಿನ್ನಿನ 663 ಅಶ್ವಶಕ್ತಿ, ಮೋಟಾರಿನ 167, ಒಟ್ಟು 830; ಲೆಕ್ಕ ನೇರವಾಗಿದೆ. ಇದೇ ಲೆಕ್ಕವನ್ನು ರೆವುವೆಲ್ಟೊಗೆ ಹಾಕಿದರೆ ದಾರಿ ತಪ್ಪುತ್ತದೆ. ಅದರ 6.5 ಲೀಟರ್ ವಿ12ಗೆ 825, ಮೂರು ಮೋಟಾರುಗಳು, ಒಂದೊಂದಕ್ಕೂ ಸುಮಾರು 150. ಕೂಡಿಸಿದರೆ 1275 ಬರಬೇಕು. ಕಂಪನಿ ಹೇಳುವುದು 1015. ಉಳಿದದ್ದು ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ಅದು ಇರಲೇ ಇಲ್ಲ. 3.8 ಕಿಲೋವ್ಯಾಟ್-ಗಂಟೆಯ ಪುಟ್ಟ ಬ್ಯಾಟರಿ ಒಂದು ಕ್ಷಣದಲ್ಲಿ ಕೊಡಬಲ್ಲದ್ದು ಸುಮಾರು 190 ಅಶ್ವಶಕ್ತಿ ಮಾತ್ರ. ಮೂರು ಬಾಯಿಗಳಿವೆ, ಅನ್ನ ಒಂದೇ ಪಾತ್ರೆಯಿಂದ ಬರಬೇಕು. ಹಾಗಾಗಿ ಹೈಬ್ರಿಡ್ ಸೂಪರ್‌ಕಾರಿನಲ್ಲಿ ಮೊದಲು ಕೇಳಬೇಕಾದದ್ದು ಬ್ಯಾಟರಿ ಒಮ್ಮೆಲೇ ಎಷ್ಟು ಹರಿಸಬಲ್ಲದು ಎಂಬುದನ್ನು. ಮೋಟಾರುಗಳ ಎಣಿಕೆ ಆಮೇಲೆ. ಆದರೂ ಆ ಮೂರರಲ್ಲಿ ಮುಂದಿನ ಚಕ್ರಗಳಿಗಿರುವ ಎರಡು ಮೋಟಾರುಗಳು ವ್ಯರ್ಥವಲ್ಲ. ತಿರುವಿನಲ್ಲಿ ಒಂದು ಚಕ್ರಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಶಕ್ತಿ ಕೊಟ್ಟು ಕಾರಿನ ಮೂತಿಯನ್ನು ಒಳಕ್ಕೆ ಎಳೆಯುವ ಕೆಲಸ ಅವುಗಳದು.

ಹೈಬ್ರಿಡ್ ಸೂಪರ್‌ಕಾರುಗಳ ಈ ಕಾಲ ಶುರುವಾದದ್ದು 2013ರ ಸುಮಾರಿಗೆ. ಲಾಫೆರಾರಿ, ಮೆಕ್‌ಲಾರೆನ್ ಪಿ1, ಪೋರ್ಷೆ 918 ಸ್ಪೈಡರ್ ಒಟ್ಟಿಗೆ ಬಂದವು, ಮೂವರೂ ಮೂರು ದಾರಿ ಹಿಡಿದರು. ಲಾಫೆರಾರಿ ವಿದ್ಯುತ್ತಿನಿಂದ ಮಾತ್ರ ಓಡುವ ಗೋಜಿಗೇ ಹೋಗಲಿಲ್ಲ. 918 ಮುಂದಿನ ಚಕ್ರಗಳಿಗೂ ಮೋಟಾರ್ ಕೊಟ್ಟು, ಆ ಸೆಪ್ಟೆಂಬರಿನಲ್ಲಿ ಜರ್ಮನಿಯ ರೇಸ್ ಟ್ರ್ಯಾಕ್ ನ್ಯೂರ್ಬರ್ಗ್‌ರಿಂಗನ್ನು 6 ನಿಮಿಷ 57 ಸೆಕೆಂಡಿನಲ್ಲಿ ಸುತ್ತಿತು.

ಜರ್ಮನಿಯಲ್ಲಿ ಇರುವುದರಿಂದ ನನ್ನ ಆಲೋಚನೆಯಲ್ಲಿ ಒಂದು ಅಂಶ ಗಟ್ಟಿಯಾಗಿದೆ. ಆಟೋಬಾನ್ ಹೆದ್ದಾರಿಯ ಕೆಲವು ಭಾಗಗಳಲ್ಲಿ ವೇಗಕ್ಕೆ ಮಿತಿಯಿಲ್ಲ. ಅಲ್ಲಿ ಒಮ್ಮೆ ಜಿಗಿಯುವ ಶಕ್ತಿಗಿಂತ ಎಡೆಬಿಡದೆ ಸಿಗುವ ಶಕ್ತಿಗೆ ಬೆಲೆ. ಬ್ಯಾಟರಿ ಬರಿದಾದ ಮೇಲೆ 830ರ ಕಾರು 830ರದಾಗಿ ಉಳಿಯುವುದಿಲ್ಲ. ಫೆರಾರಿಗೂ ಇದು ಗೊತ್ತು. ಅದಕ್ಕಾಗಿಯೇ 296ರಲ್ಲಿ ಎರಡು ಬೇರೆ ಆಯ್ಕೆಗಳಿವೆ: "ಕ್ವಾಲಿಫೈ" ಇದ್ದಷ್ಟನ್ನೂ ಸುರಿದುಬಿಡುತ್ತದೆ, "ಪರ್ಫಾರ್ಮೆನ್ಸ್" ಬ್ಯಾಟರಿಯನ್ನು ತುಂಬಿಸಿಕೊಳ್ಳುತ್ತ ಸಾಗುತ್ತದೆ.

2024ರ ಪೋರ್ಷೆ 911 ಕರೇರಾ ಜಿಟಿಎಸ್ ಟರ್ಬೊದ ಆ ಹಳೆಯ ಕೊರತೆಗೆ ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಅದನ್ನು ಸೂಪರ್‌ಕಾರುಗಳ ಸಾಲಿಗೆ ಸೇರಿಸಲು ಹಲವರು ಒಪ್ಪುವುದಿಲ್ಲ. 541 ಅಶ್ವಶಕ್ತಿ ಈ ಗುಂಪಿನಲ್ಲಿ ದೊಡ್ಡದೂ ಅಲ್ಲ. ಆದರೆ ಅದರ ಬ್ಯಾಟರಿ 1.9 ಕಿಲೋವ್ಯಾಟ್-ಗಂಟೆ ಮಾತ್ರ, ತೂಕ 27 ಕಿಲೋ. ಗೋಡೆಗೆ ಪ್ಲಗ್ ಹಾಕುವಂತಿಲ್ಲ. ಹಿಂದಿನ ಮಾದರಿಯ ಎರಡು ಟರ್ಬೊಗಳ ಬದಲು ಒಂದೇ ಟರ್ಬೊ, ಅದರ ಹೊಟ್ಟೆಯೊಳಗೇ ಒಂದು ಪುಟ್ಟ ಮೋಟಾರ್. ಪೆಡಲ್ ಒತ್ತಿದೊಡನೆ ಆ ಮೋಟಾರ್ ಟರ್ಬೊವನ್ನು ತಿರುಗಿಸುತ್ತದೆ. ಹೊಗೆಯ ಒತ್ತಡ ಹೆಚ್ಚಾದಾಗ ಅದೇ ಮೋಟಾರ್ 11 ಕಿಲೋವ್ಯಾಟ್ ತನಕ ವಿದ್ಯುತ್ ಹುಟ್ಟಿಸಿ ಹಿಂದಿರುಗಿಸುತ್ತದೆ. ಇಟಲಿಯ ಕಾರುಗಳು ಟರ್ಬೊ ತಡಮಾಡುವಾಗ ಬೇರೊಬ್ಬನನ್ನು ಕೆಲಸಕ್ಕೆ ನಿಲ್ಲಿಸಿದರೆ, ಇಲ್ಲಿ ಟರ್ಬೊ ತಡಮಾಡುವುದನ್ನೇ ತಪ್ಪಿಸಿದ್ದಾರೆ. ಹಳೆಯ ಜಿಟಿಎಸ್‌ಗಿಂತ 50 ಕಿಲೋ ಭಾರವಾದರೂ ನ್ಯೂರ್ಬರ್ಗ್‌ರಿಂಗಿನಲ್ಲಿ ಅದು 8.7 ಸೆಕೆಂಡು ಬೇಗ ಬಂತು. ಆ ಕಾರಿಗೆ ಪೋರ್ಷೆ ಹೇಳುವ 1595 ಕಿಲೋ ದ್ರವಗಳೆಲ್ಲ ತುಂಬಿದ ತೂಕ.

ಅಕ್ಕನ ಮಗನಿಗೆ ಇದನ್ನೆಲ್ಲ ಬರೆದು ಕಳಿಸಿದೆ. ಅವನು ಹೊಸ ಪಟ್ಟಿ ಮಾಡಿದ್ದಾನೆ. ತೂಕದ ಅಂಕಣವನ್ನು ಎರಡು ಮಾಡಿ, ಅಳತೆ ತಿಳಿಯದ ಕಡೆ ಖಾಲಿ ಬಿಟ್ಟಿದ್ದಾನೆ. "ಮಾಮ, ಟೆಮೆರಾರಿಯೊ ಓಡಿಸಲು ಸಿಕ್ಕರೆ ಏನು ಮಾಡುತ್ತೀರಿ?" ಎಂದು ಕೊನೆಗೆ ಕೇಳಿದ್ದಾನೆ. ಲ್ಯಾಂಬೊರ್ಗಿನಿಯ ಆ ಕಾರಿನ ವಿ8 ನಿಮಿಷಕ್ಕೆ 10,000 ಸುತ್ತು ತಿರುಗುತ್ತದೆ, ಎಲ್ಲರೂ ಅದರ ಮಾತನ್ನೇ ಆಡುತ್ತಾರೆ. ಅಷ್ಟು ಎತ್ತರದಲ್ಲಿ ಉಸಿರಾಡಲು ದೊಡ್ಡ ಟರ್ಬೊ ಬೇಕು, ದೊಡ್ಡ ಟರ್ಬೊ ಕೆಳಗೆ ತಡಮಾಡುತ್ತದೆ, ಆ ತಡವನ್ನು ತುಂಬಲು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ 300 ನ್ಯೂಟನ್ ಮೀಟರಿನ ಮೋಟಾರ್ ಇಟ್ಟಿದ್ದಾರೆ. ಹತ್ತು ಸಾವಿರದ ಕಡೆಗೆ ಆಮೇಲೆ ಹೋಗುತ್ತೇನೆ ಎಂದು ಉತ್ತರಿಸಿದೆ. ಮೊದಲು ಎರಡೂವರೆ ಸಾವಿರ ಸುತ್ತಿನಲ್ಲಿ, ಏರುದಾರಿಯಲ್ಲಿ, ಪೆಡಲ್ ಬಿಟ್ಟು ಒತ್ತಿ ನೋಡಬೇಕು.