ನೇತ್ರಾಣಿಯ ಹವಳಕ್ಕೆ ರಜೆ ಬೇಕೇ?

ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. ಕರ್ನಾಟಕದ ಕಡಲಲ್ಲಿ ಹವಳ ನೋಡಬೇಕು ಅಂದರೆ ಎಲ್ಲರೂ ಮೊದಲು ಹೇಳುವ ಜಾಗ ಅದೇ. ಮಳೆಗಾಲ ಮುಗಿದ ಮೇಲೆ ಮೇ ತಿಂಗಳವರೆಗೂ ಅಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಅದನ್ನು ಎರಡು ಮೂರು ವರ್ಷ ನಿಲ್ಲಿಸಿ ಹವಳಕ್ಕೆ ಬಿಡುವು ಕೊಡಬೇಕೇ? ನಾನು ಅಲ್ಲಿ ಎರಡು ಸಲ ಮುಳುಗಿ ಬಂದಿದ್ದೇನೆ. ಮೊದಲ ಸಲ ಹೌದು ಅನ್ನಿಸಿತು, ಎರಡನೇ ಸಲ ಬೇಡ ಅನ್ನಿಸಿತು. ಎರಡನ್ನೂ ಬರೆದಿದ್ದೇನೆ.

ಪರ: ಕೆಲವು ವರ್ಷ ಅದರ ಪಾಡಿಗೆ ಬಿಡೋಣ

ಮೊದಲ ಸಲ ಹೋದಾಗ ನನಗೆ ಈಜು ಬರುತ್ತಿರಲಿಲ್ಲ. ಕಲಿಸುವವರು ಹಿಂದಿನಿಂದ ಸಿಲಿಂಡರ್ ಹಿಡಿದು ಕೆಳಗೆ ಕರೆದುಕೊಂಡು ಹೋದರು. ಆರೇಳು ಮೀಟರ್ ಆಳದಲ್ಲಿ ಕಿವಿ ನೋಯತೊಡಗಿತು. ಗಾಬರಿಯಾಗಿ ಕಾಲು ಬಡಿದೆ. ಕಾಲಿಗೆ ಹಾಕಿದ್ದ ಈಜುರೆಕ್ಕೆ, ಅಂದರೆ ಫಿನ್ಸ್, ಯಾವುದಕ್ಕೋ ತಾಗಿತು. ತಿರುಗಿ ನೋಡಿದರೆ ಹೆಬ್ಬೆರಳಿನಷ್ಟು ದೊಡ್ಡ ಹವಳದ ಚೂರು ಉರುಳಿಕೊಂಡು ಕೆಳಗೆ ಹೋಗುತ್ತಿತ್ತು. ಮುರಿದ ಜಾಗ ಸುಣ್ಣದ ಹಾಗೆ ಬೆಳ್ಳಗಿತ್ತು.

ಸುಣ್ಣವೇ ಅದು. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಪಾಲಿಪ್ ಎಂಬ ಪುಟ್ಟ ಪ್ರಾಣಿಗಳು ಸಾವಿರಗಟ್ಟಲೆ ಸೇರಿ ಕಟ್ಟಿಕೊಂಡ ಸುಣ್ಣದ ಮನೆ. ಗುಂಡುಗಲ್ಲಿನಂಥ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನಾನು ಒಂದೇಟಿಗೆ ಮುರಿದದ್ದು ಎಷ್ಟು ವರ್ಷದ ಬೆಳವಣಿಗೆಯೋ! ರಾತ್ರಿ ಮಲಗಿದಾಗಲೂ ಆ ಬಿಳಿ ಗಾಯ ಕಣ್ಣ ಮುಂದೆಯೇ ಇತ್ತು.

ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹೀಗೆ ಸುಣ್ಣದ ಮನೆ ಕಟ್ಟುವ ಕಲ್ಲುಹವಳ ಇರುವುದು ಹುಲಿ ಇರುವ ಪಟ್ಟಿಯಲ್ಲೇ. ಹುಲಿಯ ಕಾಡಿನಲ್ಲಿ ಸಫಾರಿ ಜೀಪಿನಿಂದ ಕೆಳಗಿಳಿಯಲು ಬಿಡುವುದಿಲ್ಲ. ಇಲ್ಲಿ ಈಜು ಬಾರದ ನನ್ನನ್ನು ಹವಳದ ಮಗ್ಗುಲಿಗೇ ಬಿಟ್ಟಿದ್ದರು.

ಇದಕ್ಕಿಂತ ದೊಡ್ಡ ಚಿಂತೆ ಬಿಸಿಯದ್ದು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಉಣಿಸುವುದು ಅದೇ, ಬಣ್ಣ ಕೊಡುವುದೂ ಅದೇ. ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. ಆಗ ಅದು ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣಿದರೆ ಬದುಕಿಕೊಳ್ಳುತ್ತದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳ ಹೀಗೆಯೇ ಬಿಳಿಚಿಕೊಂಡಿತು. ಅರಬ್ಬೀ ಸಮುದ್ರ ಹೆಚ್ಚು ಕಾಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಶಾಲೆಗೆ ರಜೆ ಸಿಕ್ಕಿ ಮುರ್ಡೇಶ್ವರಕ್ಕೆ ಜನ ಹರಿದು ಬರುವುದೂ ಆಗಲೇ. ಜ್ವರದಲ್ಲಿ ಮಲಗಿದವರ ಮನೆಗೆ ನೆಂಟರು ದಂಡು ಕಟ್ಟಿಕೊಂಡು ಹೋದ ಹಾಗೆ ಆಗುತ್ತದೆ, ಅಲ್ವಾ?

ಬಿಡುವು ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಥಾಯ್ಲೆಂಡ್ ತೋರಿಸಿದೆ. ಅಲ್ಲಿನ ಮಾಯಾ ಬೇ ಎಂಬ ಪುಟ್ಟ ಕೊಲ್ಲಿಗೆ ದಿನಕ್ಕೆ ಐದು ಸಾವಿರದವರೆಗೂ ಜನ ಬರುತ್ತಿದ್ದರು. 2018ರಲ್ಲಿ ಅದನ್ನು ಮುಚ್ಚಿ ಹೊಸದಾಗಿ ಹವಳ ನೆಟ್ಟರು. ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ದಡದ ಹತ್ತಿರಕ್ಕೇ ವಾಪಸ್ ಬಂದವು. ತೆರೆದದ್ದು 2022ರಲ್ಲಿ. ನಮ್ಮ ಕರಾವಳಿಯಲ್ಲೂ ಮೀನು ಮರಿ ಮಾಡಲಿ ಎಂದು ವರ್ಷಕ್ಕೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಲ್ಲಿಸುತ್ತೇವೆ. ಆ ಮೀನಿಗೆ ಮನೆಯಾದ ಹವಳಕ್ಕೂ ಅಷ್ಟು ಮಾಡಬಹುದು.

ವಿರೋಧ: ಮುಚ್ಚಿದರೆ ನೋಡುವವರೇ ಇರುವುದಿಲ್ಲ

ಈಜು ಕಲಿತು ಎರಡನೇ ಸಲ ಹೋದೆ. ಈ ಸಲ ಕಾಲು ಸುಮ್ನೆ ಇತ್ತು, ಕಣ್ಣಿಗೆ ಕೆಲಸ ಸಿಕ್ಕಿತು. ಒಂದು ಗಿಳಿಮೀನು ಬಂಡೆಯ ಪಾಚಿ ಕೆರೆದು ತಿನ್ನುತ್ತಿತ್ತು. ಕರಕರ ಸದ್ದು ನೀರೊಳಗೆ ಚೆನ್ನಾಗಿ ಕೇಳುತ್ತಿತ್ತು. ಪಕ್ಕದಲ್ಲೇ ಒಂದು ಹರಿದ ಬಲೆ ಹವಳಕ್ಕೆ ಸುತ್ತಿಕೊಂಡಿತ್ತು. ನನ್ನ ಜೊತೆ ಇದ್ದ ಹುಡುಗ ಅಲ್ಲೇ ನಿಂತು, ಚಾಕು ತೆಗೆದು ಒಂದೊಂದೇ ಎಳೆ ಕತ್ತರಿಸಿದ. ಹವಳಕ್ಕೆ ಕೈ ತಾಗದ ಹಾಗೆ, ಮಗುವಿನ ತಲೆಯ ಸಿಕ್ಕು ಬಿಡಿಸುವಷ್ಟು ಮೆತ್ತಗೆ.

ಡೈವಿಂಗ್ ನಿಲ್ಲಿಸಿದರೆ ನಿಲ್ಲುವುದು ಇಂಥವರ ಓಡಾಟ. ಬಿಸಿ ನಿಲ್ಲುವುದಿಲ್ಲ. ತೇಲಿ ಬರುವ ಬಲೆ ನಿಲ್ಲುವುದಿಲ್ಲ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಲಕ್ಷದ್ವೀಪದ ಹವಳವನ್ನು 1998ರಿಂದ 24 ವರ್ಷ ನೋಡಿಕೊಂಡು ಬಂದರು. ಕಡಲತಳದಲ್ಲಿ ಜೀವಂತ ಹವಳ ಹೊದ್ದಿದ್ದ ಜಾಗ ಮೊದಲು ಸುಮಾರು ಶೇಕಡಾ 37ರಷ್ಟಿತ್ತು, ಕೊನೆಗೆ ಶೇಕಡಾ 19ರ ಆಸುಪಾಸಿಗೆ ಇಳಿದಿತ್ತು. ಇಳಿಸಿದ್ದು 1998, 2010 ಮತ್ತು 2016ರ ಕಡಲ ಬಿಸಿ. ಇದು ನಮಗೆ ಗೊತ್ತಾದದ್ದೂ ಯಾರೋ ಪದೇ ಪದೇ ಅದೇ ಜಾಗಕ್ಕೆ ಮುಳುಗಿ ಎಣಿಸಿದ್ದರಿಂದ. ನೇತ್ರಾಣಿಯಲ್ಲಿ ದಿನವೂ ನೀರಿಗಿಳಿಯುವವರು ಡೈವಿಂಗ್ ಹುಡುಗರೇ. ನಾಳೆ ಅಲ್ಲಿ ಹವಳ ಬಿಳಿಚಿಕೊಂಡರೆ ಮೊದಲು ಕಾಣುವುದು ಅವರಿಗೆ.

ಮಾಯಾ ಬೇ ಉದಾಹರಣೆಯೂ ಪೂರ್ತಿ ಹೊಂದುವುದಿಲ್ಲ. ಅಲ್ಲಿಯ ಜನಜಾತ್ರೆಗೂ ಇಲ್ಲಿ ದೋಣಿಯಲ್ಲಿ ಹೋಗುವ ಸಣ್ಣ ಗುಂಪುಗಳಿಗೂ ಹೋಲಿಕೆಯೇ ಇಲ್ಲ. ಅಲ್ಲಿಯೂ ಶಾಶ್ವತವಾಗಿ ಮುಚ್ಚಲಿಲ್ಲ. ಕೊಲ್ಲಿಯೊಳಗೆ ದೋಣಿ ಬಿಡದೆ, ಜನರ ಸಂಖ್ಯೆಗೆ ಮಿತಿ ಹಾಕಿ ತೆರೆದರು. 61 ದಿನದ ಮಾತಿಗೆ ಬಂದರೆ, ಮಳೆಗಾಲ ಪೂರ್ತಿ ನೇತ್ರಾಣಿಗೆ ಕಡಲೇ ರಜೆ ಕೊಡುತ್ತದೆ.

ತಪ್ಪು ನಡೆಯುತ್ತಿಲ್ಲ ಎಂದು ನಾನು ಹೇಳಲಾರೆ. ನಾನೇ ಮಾಡಿದ್ದೇನಲ್ಲ. ಆದರೆ ಅದಕ್ಕೆ ಮದ್ದು ಬೇರೆ ಇದೆ. ಮೊದಲ ಸಲ ಬಂದವರಿಗೆ ಈಜುಕೊಳದಲ್ಲಿ ಒಂದು ದಿನ ಅಭ್ಯಾಸ ಕಡ್ಡಾಯ ಮಾಡಲಿ. ದೋಣಿಗಳು ಹವಳದ ಮೇಲೆ ಲಂಗರು ಇಳಿಸುವ ಬದಲು, ಕಾಯಂ ಆಗಿ ತೇಲುವ ಬೋಯಿಗೆ ಹಗ್ಗ ಕಟ್ಟಲಿ. ನೀರು ವಿಪರೀತ ಕಾದ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ನಿಲ್ಲಿಸಲಿ. ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. 2016ರಲ್ಲಿ ಹವಳ ಬಿಳಿಚಿಕೊಂಡಾಗ ಥಾಯ್ಲೆಂಡ್ 10 ಡೈವಿಂಗ್ ಜಾಗಗಳನ್ನು ಮುಚ್ಚಿದ್ದೂ ಹೀಗೆಯೇ.

ಎರಡು ಮೂರು ವರ್ಷ ಕೆಲಸವಿಲ್ಲ ಅಂದರೆ ಆ ಹುಡುಗ ಮಂಗಳೂರಿಗೋ ಗೋವಾಕ್ಕೋ ಹೋಗುತ್ತಾನೆ. ಅವನಪ್ಪ ಮೀನು ಹಿಡಿಯುವವರು. ಹವಳದ ಮೇಲೆ ಬಲೆ ಬಿದ್ದರೆ ಏನಾಗುತ್ತದೆ ಎಂದು ಮನೆಯಲ್ಲಿ ಹೇಳಿದ್ದು ಇವನೇ ಅಂತೆ. ದೋಣಿ ಹತ್ತಿದ ಮೇಲೆ ಅವನು ಬಲೆಯನ್ನು ಕಾಲ ಬಳಿ ಗುಡ್ಡೆ ಹಾಕಿದ. ಅದರೊಳಗೆ ಎರಡು ಏಡಿ ಇನ್ನೂ ಜೀವಂತ ಇದ್ದವು. ಬಿಡಿಸಿ ನೀರಿಗೆ ಬಿಡುತ್ತಾ ಹೇಳಿದ: "ಈ ಸೀಸನ್‌ನಲ್ಲಿ ಇದು ಮೂರನೇ ಬಲೆ ಅಕ್ಕಾ. ಆಚೆ ಬದಿಗೆ ಇನ್ನೊಂದು ಉಂಟು, ನಾಳೆ ತೆಗೀಬೇಕು."