ಪಾಸ್‌ವರ್ಡ್ ಆಜ್ಞೆಯ ಸಾಲಿನಲ್ಲಿ ಇರಬಾರದು

ಡೇಟಾಬೇಸ್‌ನ ರಾತ್ರಿಯ ಬ್ಯಾಕಪ್ ಕುರಿತ ಲೇಖನದಲ್ಲಿ, ನಿಗದಿತ ಸಮಯಕ್ಕೆ ಆಜ್ಞೆಗಳನ್ನು ತಾನಾಗಿಯೇ ಓಡಿಸುವ ಕ್ರಾನ್ ಬಳಸುವ ಕ್ರಮವನ್ನು ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಡೇಟಾಬೇಸ್ ಪಾಸ್‌ವರ್ಡನ್ನು ಆಜ್ಞೆಯ ಜೊತೆಗೇ ಬರೆದು, ಆಜ್ಞೆಗಳ ಕಡತವಾದ ಸ್ಕ್ರಿಪ್ಟನ್ನು ಬೇರೆಯವರು ಓದದಂತೆ ಮಾಡಿದರೆ ಸಾಕು ಎಂದಿರುವುದನ್ನು ನಾನು ಒಪ್ಪಲಾರೆ. ಲಿನಕ್ಸ್‌ನಲ್ಲಿ ವಿಶೇಷ ನಿರ್ಬಂಧ ಹಾಕಿರದಿದ್ದರೆ, ಓಡುತ್ತಿರುವ ಆಜ್ಞೆಯ ಪೂರ್ತಿ ಸಾಲು ಆ ಯಂತ್ರದ ಎಲ್ಲ ಬಳಕೆದಾರರಿಗೂ, ಓಡುತ್ತಿರುವ ಕೆಲಸಗಳ ಪಟ್ಟಿ ತೋರಿಸುವ 'ಪಿಎಸ್' ಆಜ್ಞೆಯ ಮೂಲಕ ಕಾಣುತ್ತದೆ. ಕಡತಕ್ಕೆ ಬೀಗ ಹಾಕಿದರೂ ಇದು ತಪ್ಪುವುದಿಲ್ಲ.

ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕವೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು ನಾನು. ಕೊಯ್ಲಿನ ಕಾಲದಲ್ಲಿ ತೂಕದ ಚೀಟಿ ದಾಖಲಿಸಲು ಬರುವ ತಾತ್ಕಾಲಿಕ ಗುಮಾಸ್ತರೂ ಅದೇ ಸರ್ವರ್‌ಗೆ ಲಾಗಿನ್ ಆಗುತ್ತಾರೆ. ಅಲ್ಲಿರುವುದು ಬೆಳೆಗಾರರ ಹಣದ ಲೆಕ್ಕ. ಪಾಸ್‌ವರ್ಡನ್ನು ಎಲ್ಲಾದರೂ ಇಡಲೇಬೇಕು, ನಿಜ. ಮಳೆಗಾಲದ ನಡುರಾತ್ರಿ ಕರೆಂಟ್ ಹೋಗಿ ಬಂದಾಗ ಅದನ್ನು ಟೈಪ್ ಮಾಡಲು ಯಾರಿರುತ್ತಾರೆ?

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಪಾಸ್‌ವರ್ಡ್ ಇಡಲೆಂದೇ 'ಪಿಜಿಪಾಸ್' ಕಡತವಿದೆ. ಲಿನಕ್ಸ್‌ನಲ್ಲಿ ಅದರ ಅನುಮತಿ 0600ಕ್ಕಿಂತ (ಅಂದರೆ ಮಾಲೀಕರಿಗಷ್ಟೇ ಓದಲು, ಬರೆಯಲು ಅವಕಾಶ) ಸಡಿಲವಾಗಿದ್ದರೆ ಪೋಸ್ಟ್‌ಗ್ರೆಸ್ ಆ ಕಡತವನ್ನು ಓದುವುದೇ ಇಲ್ಲ. ಈ ಕಟ್ಟುನಿಟ್ಟು ನನಗೆ ತುಂಬ ಇಷ್ಟ. ಬೇರೆ ಜಾಗ ಸೂಚಿಸಿರದಿದ್ದರೆ, ಕ್ರಾನ್‌ನ ಕೆಲಸ ಯಾರ ಹೆಸರಿನಲ್ಲಿ ಓಡುತ್ತದೋ ಅವರ ಹೋಮ್ ಡೈರೆಕ್ಟರಿಯಲ್ಲೇ (ಸ್ವಂತ ಕಡತಗಳ ಜಾಗದಲ್ಲೇ) ಅದು ಇರಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಪಾಸ್‌ವರ್ಡ್ ಇಡುವ 'ಮೈಲಾಗಿನ್' ಕಡತ ನೇರವಾಗಿ ಓದಲು ಬಾರದಂತಿದ್ದರೂ ಅದು ಬರೀ ಮರೆಮಾಚುವಿಕೆ. ಕಡತ ಕೈಗೆ ಸಿಕ್ಕವರು ಬಿಡಿಸಿಕೊಳ್ಳಬಲ್ಲರು. ಆದ್ದರಿಂದ ಬ್ಯಾಕಪ್‌ಗೆ ಓದುವ ಹಕ್ಕು ಮಾತ್ರ ಇರುವ ಪ್ರತ್ಯೇಕ ಖಾತೆಯನ್ನೇ ತೆರೆಯಿರಿ.

ಲೇಖನದ ಮಾದರಿ ಸ್ಕ್ರಿಪ್ಟನ್ನು ಬಹಳ ಮಂದಿ ಹಾಗೆಯೇ ನಕಲು ಮಾಡಿಕೊಳ್ಳುತ್ತಾರೆ. ದಯವಿಟ್ಟು ಪಾಸ್‌ವರ್ಡ್ ಇರುವ ಆ ಸಾಲನ್ನು ತಿದ್ದಿ.