ಜನರೇಟರಿನ ಗೃಹಪ್ರವೇಶ

ಮಲೆನಾಡಿನಲ್ಲಿ ಹೊಸ ಯಂತ್ರ ಮನೆಗೆ ಬಂದ ದಿನ ಊರಿನವರೆಲ್ಲ ಮೆಕ್ಯಾನಿಕ್‌ಗಳಾಗಿಬಿಡುತ್ತಾರೆ. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಲೈನ್‌ಮ್ಯಾನ್ ದರ್ಶನ ದುರ್ಲಭ. ಹಾಗಾಗಿ ಸೆಲ್ಫ್ ಸ್ಟಾರ್ಟ್ ಇರುವ ಪೆಟ್ರೋಲ್ ಜನರೇಟರ್ ತರಿಸಿದೆವು. ಪೆಟ್ಟಿಗೆ ಅಂಗಳಕ್ಕೆ ಇಳಿಯುವುದಕ್ಕೂ ಪಕ್ಕದ ತೋಟದ ಮಾವ ಕವಳ ಮೆಲ್ಲುತ್ತ ಹಾಜರಾಗುವುದಕ್ಕೂ ಸರಿಹೋಯಿತು.

"ಮೊದಲು ಪೂಜೆ" ಎಂದರು. ಊದುಬತ್ತಿ, ಕರ್ಪೂರ ಬಂದವು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಹೆಂಡತಿ ಪೆಟ್ರೋಲ್ ಕ್ಯಾನನ್ನು ಎತ್ತಿಕೊಂಡು ಹೋಗಿ ದೂರ ಇಟ್ಟು ಬಂದಳು.

"ಪೂಜೆ ಈಗಲೇ ಮುಗಿಸಿಬಿಡಿ ಮಾವ. ಆಸಿಡ್ ಹೊಯ್ದು ಚಾರ್ಜಿಗಿಟ್ಟರೆ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಆಮೇಲೆ ಕರ್ಪೂರ ಹಚ್ಚಿದರೆ ಮಂಗಳಾರತಿ ನಮಗೇ."

ಬ್ಯಾಟರಿ ಒಣದಾಗಿಯೇ ಬಂದಿತ್ತು, ಆಸಿಡ್ ಬೇರೆ ಬಾಟಲಿಯಲ್ಲಿ. ನೋಡಲು ತಿಳಿನೀರು, ಅದೇ ಅದರ ಕಪಟ. ಹೆಂಡತಿ ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಂಡು, ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡು ಆರೂ ಕೋಣೆಗಳಿಗೆ ಮೇಲಿನ ಗೆರೆಯವರೆಗೆ ತುಂಬಿದಳು. ಬ್ಯಾಟರಿಯ ಮೈ ಬೆಚ್ಚಗಾಯಿತು, ಸಣ್ಣ ಗುಳ್ಳೆಗಳೆದ್ದವು. ಅರ್ಧ ಗಂಟೆಯಲ್ಲಿ ಪ್ಲೇಟುಗಳು ಕುಡಿದು ಮಟ್ಟ ಇಳಿಯಿತು, ಮತ್ತೊಂದಿಷ್ಟು ಹೊಯ್ದಳು. ಆಸಿಡ್ ಹಾಕುವುದು ಇದೊಂದೇ ಸಲ. ಮುಂದೆ ಡಿಸ್ಟಿಲ್ಡ್ ವಾಟರ್ ಮಾತ್ರ.

"ದುಡ್ಡು ಕೊಟ್ಟು ನೀರು ತರುವುದೇ? ನಮ್ಮ ಬಾವಿಯ ನೀರು ಅಮೃತ" ಎಂದರು ಮಾವ.

"ನಮಗೆ ಅಮೃತ. ಅದರಲ್ಲಿನ ಲವಣ ಬ್ಯಾಟರಿಗಾಗುವುದಿಲ್ಲ."

ಈ ಅವಮಾನದ ಭರದಲ್ಲೇ ಮಾವ ಖಾಲಿ ಬಾಟಲಿಯನ್ನೆತ್ತಿ ಪಂಚೆಯ ಅಂಚಿನಿಂದ ಚೊಕ್ಕವಾಗಿ ಒರೆಸಿಟ್ಟರು. ಹೆಂಡತಿ ಹೌಹಾರಿ ಅವರ ಕೈಗೆ ನೀರು ಸುರಿದಳು. ಪಂಚೆಯನ್ನೂ ತೊಳೆಯಬೇಕೆಂದಾಗ ಮಾತ್ರ ಮಾವ ಒಪ್ಪಲಿಲ್ಲ. ಕಂಡವರ ಅಂಗಳದಲ್ಲಿ ಪಂಚೆ ಬಿಚ್ಚುವುದೆಂದರೇನು?

ಮರುದಿನ ಚಾರ್ಜ್ ಆದ ಬ್ಯಾಟರಿಗೆ ಮೊದಲು ಪಾಸಿಟಿವ್, ಆಮೇಲೆ ನೆಗೆಟಿವ್ ವೈರ್ ಬಿಗಿದೆವು. ಹೊಸ ಎಂಜಿನ್ನಿನಲ್ಲಿ ಆಯಿಲ್ ಇರಲಿಲ್ಲ. ಪುಸ್ತಕದಲ್ಲಿ ಹೇಳಿದಷ್ಟು ಅಳೆದು ಹೊಯ್ದು ಗುಂಡಿ ಒತ್ತಿದರೆ ಎಂಜಿನ್ ಗರಗರ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಪ್ಲಗ್ ಎಂದ ಒಬ್ಬ, ಕಾರ್ಬ್ಯುರೇಟರ್ ಎಂದ ಇನ್ನೊಬ್ಬ. ಮಾವ ದೃಷ್ಟಿ ತೆಗೆಯಲು ಮೆಣಸಿನಕಾಯಿ ಕೇಳಿದರು. ಹೆಂಡತಿ ಅಂಗಳವನ್ನೊಮ್ಮೆ ನೋಡಿದಳು. ಮಳೆನೀರು ಹರಿದುಹೋಗಲೆಂದು ಅದನ್ನು ಇಳಿಜಾರಾಗಿಯೇ ಮಾಡಿದ್ದೆವು. ಆಯಿಲ್ ಒಂದು ಮೂಲೆಗೆ ಸರಿದು, ಅದು ಕಡಿಮೆಯಿದೆಯೆಂದು ತಿಳಿದ ಸೆನ್ಸರ್ ಎಂಜಿನ್ನನ್ನು ತಡೆದಿತ್ತು. ಸಮತಟ್ಟಿನ ಕಲ್ಲುಚಪ್ಪಡಿಗೆ ಎತ್ತಿಟ್ಟೊಡನೆ ಜನರೇಟರ್ ಆರ್ಭಟಿಸಿತು.

"ಪೂಜೆಯ ಫಲ" ಎಂದರು ಮಾವ.

ಆಸಿಡ್ ಬಿದ್ದ ಹತ್ತಿಬಟ್ಟೆ ಬಿದ್ದ ಕೂಡಲೇ ಏನೂ ಹೇಳುವುದಿಲ್ಲ, ಒಗೆಯುವವರೆಗೂ ಕಾಯುತ್ತದೆ. ಮುಂದಿನ ವಾರ ಮಾವನ ಮನೆಯ ತಂತಿಯ ಮೇಲೆ ಆ ಪಂಚೆ ಒಣಗುತ್ತಿತ್ತು. ಅಂಚಿನುದ್ದಕ್ಕೂ ತೂತು. ಈಗಿನ ಸೋಪುಗಳೆಲ್ಲ ಬರೀ ಕೆಮಿಕಲ್ಲು ಎಂದು ಮಾವ ದಾರಿಯಲ್ಲಿ ಹೋಗುವವರಿಗೆಲ್ಲ ಎಚ್ಚರಿಕೆ ಹೇಳುತ್ತಿದ್ದರು.